ವಾರ್ಸಾದ "ಒಳ್ಳೆ ಮಹಾರಾಜ" ವಾಕಿಂಗ್ ಟೂರ್: ಗೈಡ್‌ಗೆ ಐದಕ್ಕೆ ಐದು, ಕಂಪ್ನಿಗೆ ಎರಡೂವರೆ

ಮೊದ್ಲೇ ಹೇಳ್ಬಿಡ್ತೀನಿ, ಟೂರ್ ನಡ್ಸೋ ಕಂಪ್ನಿ ಹೆಸ್ರು ಇಲ್ಲಿ ಹಾಕ್ತಿಲ್ಲ. ಬೈಯೋದೂ ಇದೆ ಹೊಗಳೋದೂ ಇದೆ, ಬೈದಿದ್ದೆಲ್ಲಾ ಸುತ್ತಿ ಬಳಸಿ ಪಾಪ ಆ ಗೈಡ್ ಅಜ್ಜಿ ತಲೆ ಮೇಲೆ ಬೀಳೋದು ಬೇಡ. ಬೇಕಾದವ್ರು ಬುಕಿಂಗ್ ಆಪ್‌ನಲ್ಲಿ ವಾರ್ಸಾ, ಮಹಾರಾಜ ಅಂತ ಹುಡುಕಿ, ಸಿಗುತ್ತೆ.

ನಾವು ಇವ್ರ ಪ್ರಾಜೆಕ್ಟ್ ಮೇಲೆ ವಾರ್ಸಾಗೆ ಬಂದು ಎಂಟು ತಿಂಗ್ಳು. ಬಂದ ಹೊಸದ್ರಲ್ಲಿ ಇಲ್ಲಿನ ಒಬ್ಬ ಪಕ್ಕದ್ಮನೆಯವ್ರು ಇಂಡಿಯಾ ಅಂದ ತಕ್ಷಣ "ಓ ಮಹರಾಜ!" ಅಂದ್ರು, ನಾನು ಏನೋ ತಮಾಷೆ ಮಾಡ್ತಿದಾರೆ ಅನ್ಕೊಂಡು ನಕ್ಕು ಸುಮ್ನಾಗಿದ್ದೆ. ಆಮೇಲೆ ಗೊತ್ತಾಯ್ತು ಈ ಊರಲ್ಲಿ ನಮ್ಮ ದೇಶದ ಒಬ್ಬ ರಾಜನ ಹೆಸ್ರಲ್ಲಿ ಚೌಕ ಇದೆ, ಸ್ಮಾರಕ ಇದೆ, ಒಂದು ಸ್ಕೂಲೂ ಇದೆ ಅಂತ. ಗುಜರಾತಿನ ನವಾನಗರ ಸಂಸ್ಥಾನದ ರಾಜ, ಜಾಮ್ ಸಾಹೇಬ್ (ಅಲ್ಲಿನ ರಾಜರ ಬಿರುದು ಅದು) ದಿಗ್ವಿಜಯಸಿಂಹಜಿ, ಎರಡನೇ ಮಹಾಯುದ್ಧದ ಟೈಮಲ್ಲಿ ಪೋಲೆಂಡ್‌ನ ನಿರಾಶ್ರಿತ ಮಕ್ಕಳಿಗೆ ಆಶ್ರಯ ಕೊಟ್ಟವ್ರು. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಮೋದಿ ಬಂದು ಹೂವಿಟ್ಟು ಹೋದಾಗ ನ್ಯೂಸ್‌ನಲ್ಲಿ ಎರಡು ದಿನ ಓಡ್ತಲ್ಲ, ಅದೇ. ನಮಗೆ ರಣಜಿ ಟ್ರೋಫಿ ಸ್ಕೋರು ಕೇಳಿ, ಬಾಯಿಪಾಠ. ಆ ರಣಜಿ ಸೋದರನ ಮಗ ಈ ಜಾಮ್ ಸಾಹೇಬ್ರು ಏನ್ಮಾಡಿದ್ರು ಅಂತ ಕೇಳಿ, ಗೊತ್ತಿಲ್ಲ. ನನ್ನೂ ಸೇರಿಸಿ ಹೇಳ್ತಿದೀನಿ.

ಟಿಕೆಟ್ ಒಬ್ಬರಿಗೆ 120 ಝ್ಲೋಟಿ, ನಮ್ಮ ದುಡ್ಡಲ್ಲಿ ಎರಡೂವರೆ ಸಾವಿರ ದಾಟುತ್ತೆ, ಮಕ್ಕಳಿಗೆ ಅರ್ಧ. ಎರಡೂವರೆ ಗಂಟೆ. ನಾವು ಮೂರು ಜನ, ನಾನು, ಇವ್ರು, ಒಂಬತ್ತು ವರ್ಷದ ಮಗಳು. ಅಕ್ಟೋಬರ್ ಶನಿವಾರ ಬೆಳಿಗ್ಗೆ ಹತ್ತಕ್ಕೆ ಒಹೋತಾ ಏರಿಯಾದ ನರುತೋವಿಚ್ ಚೌಕದಲ್ಲಿ ಸೇರ್ಬೇಕು ಅಂತ ಮೆಸೇಜ್ ಬಂದಿತ್ತು. ಚೌಕದಲ್ಲಿ ಎಲ್ಲಿ ಅಂತ ಇಲ್ಲ. ಅಲ್ಲಿ ಚರ್ಚ್ ಇದೆ, ಟ್ರಾಮ್ ತಿರುಗೋ ಜಾಗ ಇದೆ, ನಾಲ್ಕು ಕಡೆ ರಸ್ತೆ, ನಾವು ಹದಿನೈದು ನಿಮಿಷ ಚಳಿಯಲ್ಲಿ ಸುತ್ತು ಹೊಡೆದು ಕೊನೆಗೆ ಚರ್ಚ್ ಮೆಟ್ಟಿಲ ಹತ್ರ ಹಳದಿ ಛತ್ರಿ ಹಿಡ್ಕೊಂಡು ನಿಂತಿದ್ದವ್ರನ್ನ ನೋಡಿ ಓಡಿದ್ವಿ. ಇದೊಂದು ಸಾಲು ಮೆಸೇಜ್‌ನಲ್ಲಿ ಹಾಕೋಕೆ ಏನ್ ರೋಗ?

ಎರಡನೇ ಕಂಪ್ಲೇಂಟು. ಆಪ್‌ನಲ್ಲಿ ಜಾಸ್ತಿ ಅಂದ್ರೆ 12 ಜನ ಅಂತ ಹಾಕಿದ್ರು, ನಾನೇ ಎಣಿಸ್ದೆ, 23 ಜನ ಇದ್ವಿ. ಅಷ್ಟು ಜನಕ್ಕೆ ಕಿವಿಗೆ ಹಾಕೋ ರಿಸೀವರ್ ಕೊಟ್ರು, ನನ್ನದು ಟ್ರಾಮ್ ಹೋದಾಗೆಲ್ಲಾ ಕರಕರ ಅಂತಿತ್ತು, ಇವ್ರದ್ದು ಅರ್ಧ ದಾರಿಗೆ ಬ್ಯಾಟರಿ ಸತ್ತೋಯ್ತು. ಇಬ್ಬರೂ ಒಂದೊಂದು ಕಿವಿ ಹಂಚ್ಕೊಂಡು ಹೊಸ ಮದ್ವೆ ಜೋಡಿ ಥರ ನಡೆದ್ವಿ.

ಇನ್ನು ಗೈಡ್. ಅರವತ್ತೈದು ದಾಟಿರಬೋದು, ರಿಟೈರ್ಡ್ ಭೂಗೋಳ ಟೀಚರ್ ಅಂತೆ, ನಮ್ಮ ಮಗಳು ಎರಡೇ ನಿಮಿಷದಲ್ಲಿ ಅಜ್ಜಿ ಅಂತ ಕರೆಯೋಕೆ ಶುರು ಮಾಡಿದ್ಲು, ಅಜ್ಜಿ ಅಂದ್ರೇನು ಅಂತ ಕೇಳಿ ತಿಳ್ಕೊಂಡು ಅವ್ರೂ ಖುಷಿಯಾಗಿ ಅದೇ ಹೆಸ್ರಿಗೆ ತಿರುಗೋರು. ಮೊದ್ಲು ಒಂದು ಬಿಲ್ಡಿಂಗ್ ಗೋಡೆ ಮೇಲಿನ ಫಲಕದ ಹತ್ರ ಐದು ನಿಮಿಷ ನಿಲ್ಲಿಸಿದ್ರು, ಇರೇನಾ ಸೆಂಡ್ಲರ್ ಮೂವತ್ತರ ದಶಕದಲ್ಲಿ ಕೆಲ್ಸ ಮಾಡಿದ ಜಾಗ. ನಾಜಿಗಳು ಯಹೂದಿಗಳನ್ನ ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಿಂದ ಮಕ್ಕಳನ್ನ ಕದ್ದು ಸಾಗಿಸಿ, ಅವ್ರ ನಿಜವಾದ ಹೆಸ್ರುಗಳನ್ನ ಚೀಟಿಲಿ ಬರೆದು ಗಾಜಿನ ಜಾಡಿಯಲ್ಲಿ ಹೂತಿಟ್ಟ ಆಯಮ್ಮ. ಅವ್ರ ಕತೆ ಈಗ ಸುಮಾರು ಜನಕ್ಕೆ ಗೊತ್ತು, ಅದಕ್ಕೇ ಅಜ್ಜಿ ಬೇಗ ಮುಗಿಸಿದ್ರು ಅನ್ಸುತ್ತೆ. ನಂಗೇನೂ ಬೇಜಾರಾಗ್ಲಿಲ್ಲ, ದುಡ್ಡು ಕೊಟ್ಟಿದ್ದು ಮಹಾರಾಜನಿಗೆ.

ಅಲ್ಲಿಂದ ಮುಂದೆ ಒಂದು ಪಾರ್ಕ್ ಬೆಂಚ್ ಮೇಲೆ ಅಜ್ಜಿ ತಮ್ಮ ಹಳೇ ಸ್ಕೂಲ್ ಅಟ್ಲಾಸ್ ಬಿಚ್ಚಿದ್ರು. ಜೇಬಿಂದ ಒಂದು ಕೆಂಪು ಉಣ್ಣೆ ದಾರ ತೆಗೆದು ನಮ್ಮ ಮಗಳ ಕೈಗೆ ಕೊಟ್ಟು, ಒಂದು ತುದಿ ಇಲ್ಲಿ ಹಿಡ್ಕೋ ಅಂತ ಪೂರ್ವ ಪೋಲೆಂಡ್ ಮೇಲೆ ಬೆರಳಿಟ್ರು. 1939ರ ಸೆಪ್ಟೆಂಬರ್ 1ಕ್ಕೆ ಹಿಟ್ಲರ್ ಪಶ್ಚಿಮದಿಂದ ನುಗ್ಗಿದ್ದು ಎಲ್ಲರಿಗೂ ಗೊತ್ತು, ಅದೇ ತಿಂಗ್ಳು 17ಕ್ಕೆ ಸ್ಟಾಲಿನ್ ಸೈನ್ಯ ಪೂರ್ವದಿಂದ ನುಗ್ತು. 1940ರ ಫೆಬ್ರವರಿ ಚಳಿಯಿಂದ ಶುರು ಮಾಡಿ ಮನೆಮನೆಗೆ ಹೋಗಿ ಜನನ್ನ ಎಬ್ಬಿಸಿ ದನದ ರೈಲು ಡಬ್ಬಿಗೆ ತುಂಬಿ ಸೈಬೀರಿಯಾಕ್ಕೆ, ಕಝಾಕ್‌ಸ್ತಾನಕ್ಕೆ ಕಳಿಸಿದ್ರು. ದಾರ ಮೇಲಕ್ಕೆ ಹೋಯ್ತು. 1941ರಲ್ಲಿ ಹಿಟ್ಲರ್ ರಷ್ಯಾ ಮೇಲೆ ಬಿದ್ದಾಗ ಲೆಕ್ಕಾಚಾರ ಉಲ್ಟಾ ಆಗಿ ಸ್ಟಾಲಿನ್‌ಗೆ ಪೋಲೆಂಡ್ ಜನ ಬೇಕಾದ್ರು, ಒಪ್ಪಂದ ಆಯ್ತು, ಕ್ಯಾಂಪ್‌ಗಳಿಂದ ಬಿಟ್ರು. ಬಿಟ್ರು ಅಂದ್ರೆ ಗೇಟ್ ತೆಗೆದ್ರು ಅಷ್ಟೇ, ಊಟ ಇಲ್ಲ, ಬಟ್ಟೆ ಇಲ್ಲ, ಟೈಫಸ್ ಜ್ವರ. ಜನ ತೆವಳ್ಕೊಂಡು ದಕ್ಷಿಣಕ್ಕೆ ಬಂದ್ರು. ದಾರ ಕೆಳಕ್ಕೆ ಬಂತು, ಈಗಿನ ತುರ್ಕ್‌ಮೆನಿಸ್ತಾನದ ಅಶ್ಗಾಬಾತ್. ಅಲ್ಲಿ ಅನಾಥಾಶ್ರಮ.

ಇಲ್ಲಿ ನಮ್ಮ ಮಗಳು ಕೇಳಿದ್ಲು, ನಾನು ಇಂಗ್ಲಿಷ್ ಮಾಡಿ ಹೇಳ್ದೆ: ಅವ್ರ ಅಮ್ಮಂದ್ರೆಲ್ಲಾ ಸತ್ತೋಗಿದ್ರಾ?

ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ರು. ಎಲ್ಲರೂ ಅಲ್ಲ ಪುಟ್ಟಿ, ಕೆಲವು ಅಮ್ಮಂದ್ರು ತಾವೇ ತಂದು ಬಿಟ್ಟು ಹೋದ್ರು, ಅನಾಥರು ಅಂದ್ರೆ ಲಾರಿ ಹತ್ತಿಸ್ತಾರೆ, ಲಾರಿ ಹತ್ತಿದ್ರೆ ಬದುಕ್ತಾವೆ ಅಂತ. ಅಷ್ಟು ಹೇಳಿ ಮತ್ತೆ ಅಟ್ಲಾಸ್‌ಗೆ ಬಂದ್ರು. ಮಗಳು ದಾರ ಬಿಟ್ಟಿರ್ಲಿಲ್ಲ. ಅಶ್ಗಾಬಾತ್‌ನಿಂದ ಇರಾನಿನ ಮಶ್ಹದ್, ಅಲ್ಲಿಂದ ಝಾಹೆದಾನ್, ಮರುಭೂಮಿ ದಾಟಿ ಕ್ವೆಟ್ಟಾ, ಆಮೇಲೆ ಬಾಂಬೆ. ಆಚೆಗೆ ಪರಿಹಾರ ಸಾಮಾನು ತಗೊಂಡು ಹೋದ ಲಾರಿಗಳಲ್ಲೇ ವಾಪಸ್ ಬರುವಾಗ ಮಕ್ಕಳು. ಬಾಂದ್ರಾದಲ್ಲಿ ಕೆಲವು ತಿಂಗ್ಳು ಇಟ್ಕೊಂಡು ಮೈಗೆ ಸ್ವಲ್ಪ ಮಾಂಸ ಬಂದ ಮೇಲೆ 1942ರಲ್ಲಿ ಜಾಮ್‌ನಗರದ ಹತ್ರ ಸಮುದ್ರದ ದಡದ ಬಾಲಾಚಡಿಗೆ. ಮಗಳ ಎರಡೂ ಕೈ ಅಗಲಿಸಿದ್ರೂ ದಾರ ಸಾಲ್ದೆ, ಕೊನೆ ತುದಿ ಇವ್ರು ಹಿಡ್ಕೊಂಡ್ರು. ಇಂಥದ್ದನ್ನ ಯಾವ ಆಡಿಯೋ ಗೈಡ್ ಮಾಡುತ್ತೆ ಹೇಳಿ?

ಈ ಜಾಮ್ ಸಾಹೇಬ್ರು ಯಾಕೆ ಮಾಡಿದ್ರು ಅನ್ನೋದಕ್ಕೂ ಅಜ್ಜಿ ಹತ್ರ ಕತೆ ಇತ್ತು. ರಣಜಿ ಲೀಗ್ ಆಫ್ ನೇಷನ್ಸ್‌ಗೆ (ವಿಶ್ವಸಂಸ್ಥೆಗೂ ಮುಂಚೆ ಇದ್ದ ದೇಶಗಳ ಒಕ್ಕೂಟ) ಇಂಡಿಯಾ ಪರವಾಗಿ ಹೋಗ್ತಿದ್ದ ಕಾಲದಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಪಿಯಾನೋ ವಾದಕ, ಪೋಲೆಂಡ್ ಪ್ರಧಾನಿಯೂ ಆಗಿದ್ದ ಪಾದೆರೆವ್‌ಸ್ಕಿ ಪರಿಚಯ, ಅಲ್ಲಿಂದ ದಿಗ್ವಿಜಯಸಿಂಹಜಿಗೂ ಪೋಲೆಂಡ್ ಅಂದ್ರೆ ಒಂದು ಪ್ರೀತಿ. ಯುದ್ಧದ ಟೈಮಲ್ಲಿ ಲಂಡನ್‌ನ ವಾರ್ ಕ್ಯಾಬಿನೆಟ್‌ನಲ್ಲಿ, ಅಂದ್ರೆ ಯುದ್ಧದ ಮಂತ್ರಿಮಂಡಲದಲ್ಲಿ ಇವ್ರು ಕೂತಿದ್ರು, ಅಲ್ಲಿ ದೇಶ ಬಿಟ್ಟು ಬಂದಿದ್ದ ಪೋಲೆಂಡ್ ಸರ್ಕಾರದವ್ರ ಕಷ್ಟ ಕಿವಿಗೆ ಬಿತ್ತು. ಬಾಲಾಚಡಿಯಲ್ಲಿ ತಮ್ಮ ಬೇಸಿಗೆ ಅರಮನೆ ಪಕ್ಕದ ಜಾಗ ಕೊಟ್ರು, ಬ್ಯಾರಕ್ ಕಟ್ಟಿಸಿದ್ರು. ಪೋಲೆಂಡ್‌ನವ್ರೇ ಟೀಚರ್‌ಗಳು, ಪೋಲಿಷ್ ಭಾಷೆಯಲ್ಲೇ ಪಾಠ, ಪ್ರಾರ್ಥನೆಗೆ ಅವ್ರದ್ದೇ ಪಾದ್ರಿ, ಕಂಬದ ಮೇಲೆ ಅವ್ರ ಬಾವುಟ. ಇಂಡಿಯಾ ಇನ್ನೂ ಬ್ರಿಟಿಷರ ಕೈಲಿದ್ದ ಕಾಲ ಅದು, ಗಾಂಧೀಜಿ ಕ್ವಿಟ್ ಇಂಡಿಯಾ ಅಂದ ಅದೇ ವರ್ಷ. ಮಕ್ಕಳು ರಾಜನ್ನ ಬಾಪು ಅಂತಿದ್ರು. ಅಜ್ಜಿ ಆ ಪದ ಹೇಳೋ ಧಾಟಿ ಇದ್ಯಲ್ಲಾ, ಬಾ ಸ್ವಲ್ಪ ಉದ್ದ, ಪು ತುಂಬಾ ಮೆತ್ತಗೆ. ಮನೆಯವ್ರ ಹೆಸ್ರು ಹೇಳಿದ ಹಾಗೆ.

ಅಜ್ಜಿ ತುಂಬಾ ಹೊತ್ತು ಹೇಳಿದ್ದು ಪಾಲಕ್ ಸೊಪ್ಪಿನ ವಿಷ್ಯ. ಕ್ಯಾಂಪ್ ಅಡುಗೆಮನೆಯಲ್ಲಿ ಮಕ್ಕಳಿಗೆ ಶಕ್ತಿ ಬರ್ಲಿ ಅಂತ ಪಾಲಕ್ ಬೇಯಿಸಿ ಬಡಿಸೋರು, ಮಕ್ಕಳಿಗೆ ಅದು ಕಂಡ್ರೆ ಆಗ್ತಿರ್ಲಿಲ್ಲ, ಒಂದಿನ ಎಲ್ಲಾ ಸೇರಿ ಮುಷ್ಕರ ಹೂಡಿದ್ವು, ತಿನ್ನಲ್ಲ ಅಂದ್ರೆ ತಿನ್ನಲ್ಲ. ಹಸಿವಿನಿಂದ ಸಾಯ್ತಾ ಬಂದ ಮಕ್ಕಳು ಊಟ ಬೇಡ ಅಂದ್ರೆ ದೊಡ್ಡೋರಿಗೆ ಎಷ್ಟು ಕೋಪ ಬರಬೇಕು ಯೋಚ್ನೆ ಮಾಡಿ. ನಮ್ಮನೇಲಿ ಆಗಿದ್ರೆ "ಅಲ್ಲಿ ಹುಲ್ಲು ತಿಂದ್ಕೊಂಡಿದ್ರಿ, ಈಗ ಕೊಬ್ಬಾ" ಅಂತ ಒಂದು ಬಿಡೋರು, ನಾನೂ ಬಿಡ್ತಿದ್ದೆ. ಸುದ್ದಿ ಬಾಪು ಕಿವಿಗೆ ಬಿತ್ತು. ಇನ್ಮೇಲೆ ಪಾಲಕ್ ಮಾಡ್ಬೇಡಿ ಅಂತ ಅಡುಗೆಯವ್ರಿಗೆ ಹೇಳಿ ಕಳಿಸಿದ್ರಂತೆ, ಅಷ್ಟೇ, ಮುಗೀತು. ಅಲ್ಲಿ ಬೆಳೆದವ್ರು ಎಂಬತ್ತು ತೊಂಬತ್ತು ವಯಸ್ಸಾದ್ರೂ ಈ ಕತೆ ಮಾತ್ರ ಬಿಡದೇ ಹೇಳ್ಕೊಂಡು ಬಂದ್ರು. ಜಾಗ ಕೊಟ್ಟಿದ್ದು, ದುಡ್ಡು ಕೊಟ್ಟಿದ್ದು ಎಲ್ಲಾ ದೊಡ್ಡದೇ, ಆದ್ರೆ ವಾರ್ ಕ್ಯಾಬಿನೆಟ್‌ನಲ್ಲಿ ಕೂರೋ ಮನುಷ್ಯನಿಗೆ ಸೊಪ್ಪಿನ ಜಗಳಕ್ಕೂ ಟೈಮ್ ಇತ್ತಲ್ಲ, ನಂಗೆ ಅದು ಹೋಗಿ ತಟ್ಟಿತು.

ಆಮೇಲೆ ಮಹಾರಾಜರ ಚೌಕಕ್ಕೆ ಹೋದ್ವಿ, ಪೋಲಿಷ್‌ನಲ್ಲಿ ಸ್ಕ್ವೆರ್ ದೊಬ್ರೆಗೊ ಮಹರಾಜಿ, ಒಳ್ಳೆ ಮಹಾರಾಜನ ಚೌಕ ಅಂತಲೇ ಹೆಸ್ರು. ಮೈಸೂರು ಅರಮನೆ ಮುಂದಿನ ಸರ್ಕಲ್ ಥರ ಏನೋ ಇರುತ್ತೆ ಅಂತ ಹೋಗ್ಬೇಡಿ. ಅಪಾರ್ಟ್‌ಮೆಂಟ್‌ಗಳ ನಡುವೆ ಸಣ್ಣ ಹಸಿರು ಜಾಗ, 2014ರಲ್ಲಿ ಇಟ್ಟ ಕಲ್ಲಿನ ಸ್ಮಾರಕ, ನಾಯಿ ವಾಕಿಂಗ್ ಕರ್ಕೊಂಡು ಬಂದವ್ರು. ಬರೀ ಇದನ್ನ ನೋಡೋಕೆ ಅಂತ ಬಂದ್ರೆ ಮೂರು ನಿಮಿಷ, ಒಂದು ಸೆಲ್ಫಿ, ಮುಗೀತು. ಕತೆ ಕೇಳಿ ಬಂದಿದ್ರಿಂದ ನಾವು ಇಪ್ಪತ್ತು ನಿಮಿಷ ನಿಂತ್ವಿ. ಪೋಲೆಂಡ್ ಪ್ರಧಾನಿ ಶಿಕೋರ್ಸ್ಕಿ ಇದಕ್ಕೆ ಪ್ರತಿಯಾಗಿ ಏನು ಕೊಡ್ಲಿ ಅಂತ ಕೇಳಿದ್ದಕ್ಕೆ, ನಿಮ್ಮ ದೇಶ ಸ್ವತಂತ್ರ ಆದ ಮೇಲೆ ವಾರ್ಸಾದಲ್ಲಿ ಒಂದು ರಸ್ತೆಗೆ ನನ್ನ ಹೆಸ್ರಿಡಿ ಸಾಕು ಅಂದ್ರು ಅಂತ ಇಲ್ಲಿನವ್ರು ಹೇಳ್ತಾರೆ. ಶಿಕೋರ್ಸ್ಕಿ 1943ರಲ್ಲಿ ಜಿಬ್ರಾಲ್ಟರ್ ಹತ್ರ ವಿಮಾನ ಬಿದ್ದು ಹೋದ್ರು. ಯುದ್ಧ ಆದ್ಮೇಲೆ ಬಂದಿದ್ದು ಕಮ್ಯುನಿಸ್ಟ್ ಸರ್ಕಾರ, ಸ್ಟಾಲಿನ್ ಗಡೀಪಾರು ಮಾಡಿದ ಮಕ್ಕಳ ಕತೆಯನ್ನ ಅವ್ರ ಮುಂದೆ ಯಾರು ಎತ್ತೋಕಾಗುತ್ತೆ, ಒಬ್ಬ ರಾಜನ ಹೆಸ್ರು ಬೇರೆ. ಜಾಮ್ ಸಾಹೇಬ್ರು 1966ರಲ್ಲಿ ತೀರ್ಕೊಂಡ್ರು, ಈ ಚೌಕ ನೋಡ್ಲೇ ಇಲ್ಲ.

ಮಕ್ಕಳೆಷ್ಟು ಅನ್ನೋದ್ರಲ್ಲಿ ಅಜ್ಜಿ ಖಡಾಖಂಡಿತ ಸಾವಿರ ಅಂದ್ರು, ನಾನು ಮನೆಗೆ ಬಂದು ಓದಿದ್ರೆ ಒಬ್ಬೊಬ್ರದ್ದು ಒಂದೊಂದು ಲೆಕ್ಕ, 640 ಅನ್ನೋರೂ ಇದಾರೆ, ಸಾವಿರ ಅನ್ನೋರೂ ಇದಾರೆ. ಇದು ಸಣ್ಣ ತಪ್ಪು, ಬಿಡಿ. ಗುಂಪಲ್ಲಿ ಯಾರೋ ಕೇಳಿದ್ದಕ್ಕೆ ಅಜ್ಜಿ ಜಾಮ್ ಸಾಹೇಬ್ರೇ ಫೇಮಸ್ ಕ್ರಿಕೆಟರ್ ಅಂತ ಹೇಳ್ಬಿಟ್ರು ನೋಡಿ, ನಮ್ಮನೆಯವ್ರಿಗೆ ತಡ್ಕೊಳೋಕಾಗ್ಲಿಲ್ಲ, ಕೈ ಎತ್ತಿ ಅದು ರಣಜಿ, ಇವ್ರು ಬಿಸಿಸಿಐ ಅಧ್ಯಕ್ಷರಾಗಿದ್ರು ಅಷ್ಟೇ ಅಂತ ಶುರು ಹಚ್ಕೊಂಡ್ರು, ಲೆಗ್ ಗ್ಲಾನ್ಸ್ ಅಂದ್ರೇನು ಅಂತ ಛತ್ರಿ ಹಿಡ್ಕೊಂಡು ತೋರಿಸೋವರೆಗೂ ಹೋಯ್ತು. ಇಬ್ಬರು ಜರ್ಮನ್ ಟೂರಿಸ್ಟ್‌ಗಳು ತುಂಬಾ ಗಂಭೀರವಾಗಿ ನೋಡ್ತಿದ್ರು.

ನನ್ನ ನಿಜವಾದ ತಕರಾರು ಟೂರ್ ಮಾರೋ ರೀತಿ ಮೇಲೆ. ಆಪ್‌ನಲ್ಲಿ ರುಮಾಲು ಸುತ್ತಿದ ರಾಜನ ಚಿತ್ರ, ಆನೆ, ಅರಮನೆ, ಒಬ್ಬನೇ ಮಹಾರಾಜ ಜಾದೂ ಮಾಡಿ ಮಕ್ಕಳನ್ನ ಎತ್ಕೊಂಡು ಬಂದ ಅನ್ನೋ ಹಾಗೆ ಬರೆದಿದಾರೆ. ಹಂಗೇನಿಲ್ಲ. ಬಾಂಬೆಯಲ್ಲಿದ್ದ ಪೋಲೆಂಡ್ ಕಾನ್ಸುಲ್ ಹೆಂಡ್ತಿ ಕಿರಾ ಬನಾಶಿನ್ಸ್ಕಾ ಅಂತ, ರೆಡ್ ಕ್ರಾಸ್ ಪರವಾಗಿ ಓಡಾಡಿದ್ದು ಆಯಮ್ಮ, ಯುದ್ಧ ಮುಗಿದ ಮೇಲೂ ಇಂಡಿಯಾದಲ್ಲೇ ಉಳ್ಕೊಂಡ್ರು, ಅವ್ರ ಹೆಸ್ರು ಈ ಟೂರ್‌ನಲ್ಲಿ ಒಂದು ಸಲಾನೂ ಬರ್ಲಿಲ್ಲ. ಬೇರೆ ಸಂಸ್ಥಾನದ ರಾಜರೂ, ಸಾಮಾನ್ಯ ಜನಾನೂ ಖರ್ಚಿಗೆ ಚಂದಾ ಕೊಟ್ಟಿದಾರೆ, ಜಾಮ್ ಸಾಹೇಬ್ರೇ ಸಂಸ್ಥಾನದ ರಾಜರ ಸಭೆ ನರೇಂದ್ರ ಮಂಡಲದಲ್ಲಿ ಕೂತು ಕೇಳಿ ಕೊಡಿಸಿದ್ದು. ಕೊಲ್ಹಾಪುರದ ಹತ್ರ ವಳಿವಡೆಯಲ್ಲಿ ಇನ್ನೂ ದೊಡ್ಡ ಕ್ಯಾಂಪು, ಅಲ್ಲಿ ಸುಮಾರು ಐದು ಸಾವಿರ ಪೋಲಿಷ್ ಜನ ಇದ್ರು, ಬಹಳಷ್ಟು ಹೆಂಗಸರು ಮಕ್ಕಳು, 1946ರಲ್ಲಿ ಬಾಲಾಚಡಿ ಮುಚ್ಚಿದಾಗ ಉಳಿದ ಮಕ್ಕಳು ಅಲ್ಲಿಗೇ ಹೋದ್ರು. ಬೆಳಗಾವಿಯಿಂದ ಎರಡೂವರೆ ಗಂಟೆ ದಾರಿ ರೀ ಅದು, ನಮ್ಮ ಕಡೆಯವ್ರು ಎಷ್ಟು ಸಲ ಮಹಾಲಕ್ಷ್ಮಿ ದರ್ಶನಕ್ಕೆ ಹೋಗಿ ಬಂದಿಲ್ಲ. ಇದನ್ನೆಲ್ಲಾ ಅಜ್ಜಿ ಹತ್ರ ಪಕ್ಕಕ್ಕೆ ಕರ್ದು ಕೇಳಿದೆ. ಅವ್ರಿಗೆ ಎಲ್ಲಾ ಗೊತ್ತು! ಕಂಪ್ನಿಯವ್ರು ಸ್ಕ್ರಿಪ್ಟ್ ಕೊಟ್ಟಿದಾರೆ, ಎರಡೂವರೆ ಗಂಟೆ ಮೀರ್ಬಾರ್ದು ಅಂದಿದಾರೆ ಅಂದ್ರು. ಗೊತ್ತಿರೋರ ಬಾಯಿ ಕಟ್ಟಿಹಾಕಿ 23 ಜನನ್ನ ತುಂಬೋದು ಯಾವ ನ್ಯಾಯ.

ಸ್ಕ್ರಿಪ್ಟ್ ಆಚೆ ಅಜ್ಜಿ ಹೇಳಿದ್ದು ಇನ್ನೊಂದಿದೆ. ಯುದ್ಧ ಮುಗಿದಾಗ ಈ ಮಕ್ಕಳನ್ನ ಕಮ್ಯುನಿಸ್ಟ್ ಪೋಲೆಂಡ್‌ಗೆ ವಾಪಸ್ ಕಳಿಸಿ ಅಂತ ಒತ್ತಡ ಬಂತಂತೆ, ಆಗ ಜಾಮ್ ಸಾಹೇಬ್ರು, ಕ್ಯಾಂಪಿನ ಪಾದ್ರಿ ಪ್ಲುತಾ, ಒಬ್ಬ ಬ್ರಿಟಿಷ್ ಅಧಿಕಾರಿ, ಮೂರೂ ಜನ ಸೇರಿ ಕಾಗದ ಪತ್ರ ಮಾಡಿಸಿ ಮಕ್ಕಳನ್ನ ದತ್ತು ತಗೊಂಡ್ರು ಅಂತ ಅಲ್ಲಿ ಬೆಳೆದವ್ರು ಹೇಳ್ತಾ ಬಂದಿದಾರೆ. ನಮ್ಮಲ್ಲಿ ಒಂದು ಮಗು ದತ್ತು ತಗೊಳೋಕೆ ವರ್ಷಗಟ್ಟಲೆ ಓಡಾಡ್ತಾರೆ. ಇವ್ರು ನೂರಾರು!

ವಾರ್ಸಾದಲ್ಲಿ ಬೆದ್ನಾರ್ಸ್ಕಾ ಅಂತ ಒಂದು ಸ್ಕೂಲು 1999ರಲ್ಲಿ ಜಾಮ್ ಸಾಹೇಬ್ರ ಹೆಸ್ರು ಇಟ್ಕೊಂಡಿದೆ, ಅಲ್ಲಿ ನಿರಾಶ್ರಿತರ ಮಕ್ಕಳಿಗೂ ಸೀಟು ಕೊಡ್ತಾರೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ನಮ್ಮ ಮೆಡಿಕಲ್ ಹುಡುಗ್ರು ಬಾರ್ಡರ್ ದಾಟಿ ಪೋಲೆಂಡ್‌ಗೆ ಬಂದ್ರಲ್ಲ, ಆಗ ಅಜ್ಜಿ ತಮ್ಮ ಅಪಾರ್ಟ್‌ಮೆಂಟ್‌ನವ್ರ ಜೊತೆ ಬ್ರೆಡ್ಡು ಸೂಪು ಮಾಡ್ಕೊಂಡು ರೈಲ್ವೆ ಸ್ಟೇಷನ್‌ಗೆ ಹೋಗಿದ್ರಂತೆ. ಇಂಡಿಯಾ ಹುಡುಗ್ರು ಮಾಂಸ ತಿಂತಾರೋ ಇಲ್ವೋ ಗೊತ್ತಾಗದೆ ಎರಡು ಥರ ಸೂಪ್ ಮಾಡಿದ್ವಿ ಅಂದ್ರು. ಯಾಕೆ ಹೋದ್ರಿ ಅಂತ ನಾನು ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ, ಚೌಕದ ಕಡೆ ಒಂದ್ಸಲ ತಿರುಗಿ ನೋಡಿ ಗ್ಲೌಸ್ ಹಾಕ್ಕೊಂಡ್ರು.

ಟೂರ್ ಮುಗಿಯೋದು ಒಂದು ಬಾರ್ ಮ್ಲೆಚ್ನಿಯಲ್ಲಿ. ಹೆಸ್ರು ಹಾಲಿನ ಬಾರ್, ಎಣ್ಣೆ ಬಾರ್ ಅಲ್ಲ ಭಯಪಡ್ಬೇಡಿ, ಸರ್ಕಾರದ ಸಬ್ಸಿಡಿ ಇರೋ ಅಗ್ಗದ ಊಟದ ಕ್ಯಾಂಟೀನು, ಕೌಂಟರ್‌ನಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡು ಕಿಂಡಿ ಹತ್ರ ಕೊಟ್ರೆ ಒಳಗಿಂದ ತಟ್ಟೆ ಬರುತ್ತೆ, ನಮ್ಮ ದರ್ಶಿನಿ ಥರಾನೇ. ಊಟ ಟಿಕೆಟ್‌ನಲ್ಲಿ ಸೇರಿದೆ ಅಂತ ಆಪ್‌ನಲ್ಲಿತ್ತು, ಅಲ್ಲಿ ಹೋದ್ಮೇಲೆ ಬರೀ ಟೀ ಮಾತ್ರ ಸೇರಿದೆ ಅಂದ್ರು. ಸರಿ ಬಿಡು ಅಂತ ನಾವೇ ಪಿಯೆರೋಗಿ ತಗೊಂಡ್ವಿ, ಕಡುಬಿನ ಥರ, ಒಳಗೆ ಹೂರಣದ ಬದ್ಲು ಆಲೂಗಡ್ಡೆ ಚೀಸ್. ಸಸ್ಯಾಹಾರಿಗಳಿಗೆ ಅದೇ ಸೇಫು, ಆದ್ರೆ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸ್ತಾರೆ, ಬೇಡ ಅಂತ ಮೊದ್ಲೇ ಹೇಳಿ. ಇವ್ರು ಆರೋಗ್ಯ ಆರೋಗ್ಯ ಅಂತ ಪಾಲಕ್ ತುಂಬಿದ್ದು ಒಂದು ತಟ್ಟೆ ತಂದ್ರು. ಒಂದು ತಿನ್ನು ಪುಟ್ಟಿ ಅಂದ್ರೆ ನಮ್ಮ ಮಗಳು ತಟ್ಟೆ ವಾಪಸ್ ತಳ್ಳಿ, "ಅಪ್ಪ, ಬಾಪು ಬೇಡ ಅಂದಿದಾರೆ" ಅಂದ್ಲು. ಅಜ್ಜಿಗೆ ಅರ್ಥ ಮಾಡಿ ಹೇಳಿದ್ದಕ್ಕೆ ಟೀ ಮೈಮೇಲೆ ಚೆಲ್ಕೊಂಡ್ರು.

ಹೋಗೋರಿಗೆ ಇಷ್ಟು ಹೇಳ್ತೀನಿ: ಎಂಟು ವರ್ಷದ ಕೆಳಗಿನ ಮಕ್ಕಳಿಗೆ ನಡೆಯೋದು ಕಷ್ಟ, ಮಧ್ಯದಲ್ಲಿ ಟಾಯ್ಲೆಟ್ ಇಲ್ಲ. ರಿಸೀವರ್ ತಗೊಳೋವಾಗ್ಲೇ ಆನ್ ಮಾಡಿ ಚೆಕ್ ಮಾಡಿ. ಶನಿವಾರದ ಇಂಗ್ಲಿಷ್ ಸ್ಲಾಟ್‌ಗೆ ಅಜ್ಜಿನೇ ಬರ್ತಾರೆ, ಭಾನುವಾರ ಬೇರೆ ಯಾರೋ. ಮುಗಿದ ಮೇಲೆ ಹತ್ತು ನಿಮಿಷ ಅವ್ರ ಜೊತೆ ನಿಂತು ವಳಿವಡೆ ಬಗ್ಗೆ, ಕಿರಾ ಅವ್ರ ಬಗ್ಗೆ ಕೇಳಿ, ಸ್ಕ್ರಿಪ್ಟ್ ಮುಗಿದಿರುತ್ತೆ, ಹೇಳ್ತಾರೆ. ಊಟದ ವಿಷ್ಯಕ್ಕೆ ನಾನು ಕಂಪ್ಲೇಂಟ್ ಹಾಕಿದ್ದೆ, ಮೂರು ವಾರ ಆದ್ಮೇಲೆ ಒಬ್ಬರಿಗೆ 20 ಝ್ಲೋಟಿ ಲೆಕ್ಕದಲ್ಲಿ ರೀಫಂಡ್ ಬಂತು, ಮಗಳದ್ದು ಮಾತ್ರ ಇನ್ನೂ ಬಂದಿಲ್ಲ.